ಹದಿನೆಂಟು ಗಂಟೆಗಳ ವ್ಯತ್ಯಾಸ

ಎರಡನೇ ಪಟ್ಟಿಯಲ್ಲಿ ಒಂದು ಮಾತ್ರೆ ಉಳಿದಿತ್ತು. ಡಬ್ಬಿಯಲ್ಲಿ ಮೂರು ಪಟ್ಟಿ, ಒಂದೊಂದರಲ್ಲಿ ಐದು ಮಾತ್ರೆ. ಮೊದಲನೆಯದು ಪೂರ್ತಿ ಖಾಲಿಯಾಗಿತ್ತು, ಮೂರನೆಯದನ್ನು ಇನ್ನೂ ಮುಟ್ಟಿರಲಿಲ್ಲ. ಎರಡನೆಯದೂ ಆ ಹೊತ್ತಿಗೆ ಖಾಲಿಯಾಗಿರಬೇಕಿತ್ತು.

ಇನ್ನೊಂದು ಡಬ್ಬಿ ಬರೆದುಕೊಡಬೇಕೇ ಎಂದು ನೋಡಲು ಸಿಸ್ಟರ್ ಅದನ್ನು ಚಿಕಿತ್ಸೆಗೆ ಬಂದವಳಿಂದ ತರಿಸಿ ಮೇಜಿನ ಮೇಲೆ ಇಟ್ಟಿದ್ದರು. ನಾನು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳಲು ಬಂದಿದ್ದೆ. ಕೈ ಸುಮ್ಮನಿರದೆ ಪಟ್ಟಿಗಳನ್ನು ಹೊರತೆಗೆದು ಎಣಿಸಿದ್ದೆ.

“ಏನ್ ಮೇಡಂ, ಫಾರ್ಮಸಿ ಕೆಲ್ಸಾನೂ ನೀವೇ ಹಚ್ಕೊಂಡ್ರಾ?” ಎಂದು ಸಿಸ್ಟರ್ ನಕ್ಕರು.

“ಒಂದು ಜಾಸ್ತಿ ಇದೆ ಸಿಸ್ಟರ್.”

“ಜಾಸ್ತಿ ಇದ್ರೆ ಏನಂತೆ? ಕಮ್ಮಿ ಬಿದ್ರೆ ತಾನೇ ನಾನು ಓಡ್ಬೇಕಾಗಿರೋದು.”

ಗುರುವಾರ ಬೆಳಿಗ್ಗೆ ಹತ್ತೂಕಾಲು. ಆರ್.ಟಿ. ನಗರದ ಒಂದು ಸಂತಾನ ಚಿಕಿತ್ಸೆಯ ಕ್ಲಿನಿಕ್‌ನಲ್ಲಿ ನಾನು ಎಂಬ್ರಿಯಾಲಜಿಸ್ಟ್. ಭ್ರೂಣಗಳನ್ನು ಬೆಳೆಸುವುದು, ಘನೀಕರಿಸಿ ಇಡುವುದು, ಬೇಕಾದ ದಿನ ಮತ್ತೆ ಮಾಮೂಲಿ ಸ್ಥಿತಿಗೆ ತರುವುದು ನನ್ನ ಕೆಲಸ. ಲ್ಯಾಬಿನ ಬಾಗಿಲಾಚೆಗೆ ನನಗೆ ಹೆಚ್ಚು ಮಾತಿಲ್ಲ. ಚಿಕಿತ್ಸೆಗೆ ಬಂದವರು ನನ್ನನ್ನು ಒಪ್ಪಿಗೆ ಪತ್ರದ ಹೊತ್ತಿನಲ್ಲಿ ಐದು ನಿಮಿಷ ನೋಡುತ್ತಾರೆ, ಮರೆಯುತ್ತಾರೆ. ಆ ವ್ಯವಸ್ಥೆ ನನಗೆ ಒಗ್ಗಿದೆ.

ಎದುರಿಗೆ ಇಬ್ಬರು ಕೂತಿದ್ದರು. ಒಬ್ಬಳು ಮೂವತ್ತೆರಡರ ಹೆಂಗಸು, ಒಂದು ಕಾಲೇಜಿನ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ಪಕ್ಕದಲ್ಲಿ ಅವಳ ಅತ್ತೆ. ಗದಗದ ಕಡೆಯವರು, ಈಗ ಬಾಗಲಗುಂಟೆಯಲ್ಲಿ ಬಾಡಿಗೆ ಮನೆ. ಗಂಡ ಕಾರ್ಖಾನೆಯಲ್ಲಿ ಅರ್ಧ ದಿನ ಮುಗಿಸಿ ಮಧ್ಯಾಹ್ನ ಬರುವವನಿದ್ದ. ಹಿಂದಿನ ವರ್ಷ ಅವರಿಗೆ ಮೂರು ಒಳ್ಳೆಯ ಭ್ರೂಣಗಳಾಗಿದ್ದವು. ಎರಡನ್ನು ಆಗಲೇ ಗರ್ಭಕೋಶಕ್ಕೆ ಸೇರಿಸಿದ್ದೆವು, ನಿಲ್ಲಲಿಲ್ಲ. ಮೂರನೆಯದನ್ನು ನಾನೇ ಘನೀಕರಿಸಿದ್ದೆ. ಅದನ್ನು ಸೇರಿಸಲು ಈ ವರ್ಷ ಒಮ್ಮೆ ತಯಾರಿ ನಡೆದು, ಗರ್ಭಕೋಶದ ಒಳಪದರ ಸಾಕಷ್ಟು ದಪ್ಪ ಬರದೆ ಕೊನೆಯ ಗಳಿಗೆಯಲ್ಲಿ ನಿಲ್ಲಿಸಬೇಕಾಯಿತು. ಇದು ಎರಡನೇ ತಯಾರಿ. ಈ ಸಲ ಒಳಪದರ ಚೆನ್ನಾಗಿತ್ತು. ಘನೀಕರಿಸಿದ ಭ್ರೂಣಗಳನ್ನು ಇಡುವ ಟ್ಯಾಂಕಿನಲ್ಲಿ ಅವಳ ಹೆಸರಿನಲ್ಲಿ ಇದ್ದದ್ದು ಆ ಒಂದೇ ಭ್ರೂಣ. ಇನ್ನೊಮ್ಮೆ ಅಂಡಾಣು ತೆಗೆಸಿಕೊಳ್ಳುವ ಶಕ್ತಿ ತನಗಿಲ್ಲವೆಂದು ಅವಳು ವೈದ್ಯರಿಗೆ ಮೊದಲೇ ಹೇಳಿದ್ದಳು.

ಮಾತ್ರೆಯ ಲೆಕ್ಕ ಯಾಕೆ ಮುಖ್ಯವೆಂದು ಹೇಳಬೇಕು. ಐದು ದಿನ ಬೆಳೆದ ಭ್ರೂಣವನ್ನು ನಾವು ಘನೀಕರಿಸುತ್ತೇವೆ. ಅದನ್ನು ಒಳಗೆ ಬಿಡುವ ಹೊತ್ತಿಗೆ ಗರ್ಭಕೋಶದ ಒಳಪದರಕ್ಕೂ ಸುಮಾರು ಅಷ್ಟೇ ವಯಸ್ಸಾಗಿರಬೇಕು. ಒಳಪದರದ ವಯಸ್ಸನ್ನು ಎಣಿಸುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಮಾತ್ರೆಯನ್ನು ಮೊದಲ ಬಾರಿ ಯೋನಿಯೊಳಗೆ ಇಟ್ಟುಕೊಂಡ ಗಳಿಗೆಯಿಂದ. ಅಲ್ಲಿಂದ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ನೂರಹದಿನೈದು ಗಂಟೆಯ ಆಸುಪಾಸಿನಲ್ಲಿ ಭ್ರೂಣ ಬಿಡುವುದು ನಮ್ಮ ಕ್ಲಿನಿಕ್‌ನ ಪದ್ಧತಿ. ಒಳಪದರ ಭ್ರೂಣವನ್ನು ಒಪ್ಪಿಕೊಳ್ಳುವ ಅವಧಿ ಕೆಲವರಲ್ಲಿ ಉದಾರವಾಗಿರುತ್ತದೆ, ಕೆಲವರಲ್ಲಿ ಇಕ್ಕಟ್ಟಾಗಿರುತ್ತದೆ. ಯಾರಲ್ಲಿ ಹೇಗೆಂದು ಖಚಿತವಾಗಿ ಹೇಳುವ ದಾರಿ ನಮ್ಮ ಬಳಿ ಇಲ್ಲ.

ಅವಳ ಹಾಳೆಯಲ್ಲಿ ‘ಮೊದಲ ಮಾತ್ರೆ: ಶನಿವಾರ ರಾತ್ರಿ ಎಂಟು’ ಎಂದಿತ್ತು. ಗುರುವಾರ ಮಧ್ಯಾಹ್ನ ಎರಡಕ್ಕೆ ಭ್ರೂಣ ಬಿಟ್ಟರೆ ನೂರಹದಿನಾಲ್ಕು ಗಂಟೆ. ಅದಕ್ಕಾಗಿ ನಾನು ಹನ್ನೊಂದೂವರೆಗೆ ಅದನ್ನು ಟ್ಯಾಂಕಿನಿಂದ ತೆಗೆಯಬೇಕಿತ್ತು. ಆ ಲೆಕ್ಕದಲ್ಲಿ ಅಷ್ಟರೊಳಗೆ ಹತ್ತು ಮಾತ್ರೆ ಮುಗಿದಿರಬೇಕು. ಒಂಬತ್ತು ಮುಗಿದಿದ್ದವು.

“ನಡುವೆ ಒಂದು ತಪ್ಪಿತೇನು?” ಎಂದು ಕೇಳಿದೆ.

ಅವಳು ನನ್ನ ಕೈಯಲ್ಲಿದ್ದ ಪಟ್ಟಿಯನ್ನೇ ನೋಡುತ್ತ, “ಹೌದ್ರಿ ಮೇಡಂ. ಸೋಮವಾರ ಮುಂಜಾನೆ ಒಂದು ಮರ್ತೆ. ಕಾಲೇಜಿಗೆ ತಡಾ ಆಗಿತ್ತು” ಎಂದಳು.

ನಡುವೆ ಒಂದು ತಪ್ಪುವುದು ಅಂಥ ದೊಡ್ಡ ವಿಷಯವಲ್ಲ. ಬೆಳಿಗ್ಗೆ ತೆಗೆದ ರಕ್ತದಲ್ಲಿ ಪ್ರೊಜೆಸ್ಟರಾನ್ ಪ್ರಮಾಣ ಸರಿಯಾಗಿಯೇ ಇತ್ತು. ನಾನು ಹಾಳೆಯ ಅಂಚಿನಲ್ಲಿ ಅವಳು ಹೇಳಿದ್ದನ್ನು ಬರೆದುಕೊಂಡು, ಸಹಿಗಳನ್ನು ಮಾಡಿಸಿ ಎದ್ದೆ. ಸಿಸ್ಟರ್ ಅವಳನ್ನು ಬಟ್ಟೆ ಬದಲಿಸಲು ಕರೆದುಕೊಂಡು ಹೋದರು.

ಲ್ಯಾಬಿಗೆ ಹೋಗುವ ಮೊದಲು ಅವಳ ಅತ್ತೆ ನನ್ನನ್ನು ಮೊಗಸಾಲೆಯಲ್ಲಿ ತಡೆದರು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ನೀರಿನ ಬಾಟಲಿ.

“ಮೇಡಮ್ಮಾರ, ಒಂದು ಮಾತು ಕೇಳ್ಲ್ಯಾ? ಎರಡಕ್ಕ ಮಾಡ್ತೀವಿ ಅಂದ್ರಲ್ಲ. ಇವತ್ತ ಒಂದೂವರಿಯಿಂದ ಮೂರರ ತನಕ ರಾಹುಕಾಲ ಐತಿ. ಮೂರು ದಾಟಿದ ಮ್ಯಾಲೆ ಮಾಡಾಕ ಬರಂಗಿಲ್ಲೇನ್ರಿ?”

ಇಂಥ ಕೋರಿಕೆ ನಮಗೆ ಹೊಸದಲ್ಲ. ಅರ್ಧ ಗಂಟೆ, ಒಂದು ಗಂಟೆ ಆಚೀಚೆ ಮಾಡಿದ್ದೂ ಉಂಟು. ವೈದ್ಯರನ್ನು ಕೇಳುತ್ತೇನೆ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಆದರೆ ಭಾನುವಾರ ಬೆಳಿಗ್ಗೆ ಕೆಂಪಾಪುರದಲ್ಲಿ ನನ್ನ ಮನೆಯೆದುರಿನ ಗ್ಯಾರೇಜಿನ ಬಾಗಿಲಲ್ಲಿ ಕುಂಕುಮ ತುಂಬಿ ಒಡೆದ ಬೂದುಗುಂಬಳ ಬಿದ್ದಿದ್ದು ನೆನಪಾಯಿತು. ಅದನ್ನು ದಾಟಿಕೊಂಡೇ ಹಾಲು ತರಲು ಹೋಗಿದ್ದೆ. ಅಮಾವಾಸ್ಯೆ.

“ಅಮ್ಮಾ, ಮಾತ್ರೆ ಶುರು ಮಾಡೋವಾಗ್ಲೂ ದಿನ ನೋಡಿದ್ರಾ?”

“ಏ, ನೋಡದ ಹೆಂಗ್ರಿ? ಶನಿವಾರ ಮಧ್ಯಾಹ್ನನ ಅಮಾಸಿ ಹತ್ತಿತ್ತು. ಅಮಾಸ್ಯಾಗ ಯಾರರ ಹೊಸಾ ಔಷಧ ಚಾಲೂ ಮಾಡ್ತಾರೇನು? ರವಿವಾರ ಒಂದೂ ನಲವತ್ತಕ್ಕ ಬಿಡ್ತು. ಬಿಟ್ಟ ಮ್ಯಾಲೆ ದೇವರಿಗೆ ದೀಪಾ ಹಚ್ಚಿ, ಎರಡಕ್ಕ ಚಾಲೂ ಮಾಡಿಸಿದೆ.” ಅವರ ಧ್ವನಿಯಲ್ಲಿ ಒಂದು ಕೆಲಸವನ್ನು ಸರಿಯಾಗಿ ಮಾಡಿದ ತೃಪ್ತಿಯಿತ್ತು. “ಒಂದ ಐತಿ ಅಂತ ನೀವ ಹೇಳಿದ್ರಿ. ಅದಕ್ಕ ಇಷ್ಟು ನೋಡಿದ್ದು.”

ಶನಿವಾರ ರಾತ್ರಿ ಎಂಟರ ಮಾತ್ರೆ ಬಿಟ್ಟುಹೋಗಿತ್ತು. ಭಾನುವಾರ ಬೆಳಗಿನದು ಮಧ್ಯಾಹ್ನ ಎರಡಕ್ಕೆ ಸರಿದಿತ್ತು. ಆ ರಾತ್ರಿ ಎಂಟರಿಂದ ಎಲ್ಲವೂ ನಮ್ಮ ಗಡಿಯಾರಕ್ಕೆ ಸೇರಿಕೊಂಡಿತ್ತು. ಅದಕ್ಕೇ ಪಟ್ಟಿಯಲ್ಲಿ ಹೆಚ್ಚು ಕಂಡದ್ದು ಒಂದೇ ಮಾತ್ರೆ. ಆದರೆ ಅದರ ಹಿಂದೆ ಹದಿನೆಂಟು ಗಂಟೆ ಇತ್ತು. ಮಧ್ಯಾಹ್ನ ಎರಡಕ್ಕೆ ಅವಳ ಒಳಪದರಕ್ಕೆ ಆಗುವುದು ನೂರಹದಿನಾಲ್ಕಲ್ಲ, ತೊಂಬತ್ತಾರು.

ಬಟ್ಟೆ ಬದಲಿಸುವ ಕೋಣೆಯ ಬಾಗಿಲು ತಟ್ಟಿದೆ. ಅವಳು ಹಸಿರು ಗೌನು ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬಾಗಿಲು ಹಾಕಿಕೊಂಡು, “ಸೋಮವಾರ ಯಾವುದೂ ತಪ್ಪಿಲ್ಲ, ಅಲ್ವಾ?” ಎಂದೆ.

ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು.

“ಅತ್ತಿ ಹೇಳಿದ್ರೇನ್ರಿ? ಅವರದೇನ್ ತಪ್ಪಿಲ್ರಿ. ಎಂಟಕ್ಕ ಶುರು ಮಾಡ್ಬೇಕಂತ ನನಗ ಗೊತ್ತಿತ್ತು. ಮನ್ಯಾಗ ವಾದ ಬ್ಯಾಡ ಅಂತ ಸುಮ್ನಾದೆ. ಆಮ್ಯಾಲೆ ಫೋನ್ ಮಾಡಿ ಹೇಳೂಣು ಅಂದ್ರ, ಹ್ವಾದ ಸಲದಂಗ ಕ್ಯಾನ್ಸಲ್ ಮಾಡ್ತೀರೇನೋ ಅಂತ ಅಂಜಿದೆ.” ಗೌನಿನ ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿದಳು: “ಈಗೇನ್ ಆಗ್ತೈತ್ರಿ?”

“ಗೊತ್ತಿಲ್ಲ. ಕೇಳಿಕೊಂಡು ಬರ್ತೀನಿ” ಎಂದೆ. ನನಗೆ ಸಮಾಧಾನ ಹೇಳಲು ಬರುವುದಿಲ್ಲ.

ಹತ್ತೂ ಐವತ್ತು. ವೈದ್ಯರು ಯಲಹಂಕದ ಇನ್ನೊಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಲ್ಲಿದ್ದರು. ಫೋನ್ ಎತ್ತಿದ ಅಲ್ಲಿನ ಸಿಬ್ಬಂದಿ, ಹನ್ನೆರಡರ ತನಕ ಮಾತಾಡುವುದಕ್ಕಾಗದು ಎಂದರು. ಸಂದೇಶ ಕಳಿಸಿದೆ. ಲ್ಯಾಬಿನ ಮುಖ್ಯಸ್ಥರಿಗೆ ವಿಷಯ ಹೇಳಿದೆ. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿರುವವರು. ನನಗೆ ಕೈಹಿಡಿದು ಕಲಿಸಿದವರು.

“ನೋಡಮ್ಮ,” ಎಂದರು ಅವರು, “ಪಂಚಾಂಗ ನೋಡ್ಕೊಂಡು ಲ್ಯಾಬ್ ನಡ್ಸೋಕಾಗಲ್ಲ. ಒಂದು ದಿನ ಮುಂಚೆ ಬಿಟ್ಟಿರೋದ್ರಲ್ಲೂ ಎಷ್ಟೋ ಪ್ರೆಗ್ನೆನ್ಸಿ ಆಗಿವೆ. ಗರ್ಭಕೋಶ ಏನು ರೈಲ್ವೆ ಸ್ಟೇಷನ್ನಾ, ನಿಮಿಷ ನೋಡಿ ಬಾಗಿಲು ಹಾಕೋಕೆ?”

“ಆಗಿರಬಹುದು ಸರ್. ಇವರದು ಒಂದೇ ಇದೆ.”

“ಅದಕ್ಕೇ ಹೇಳ್ತಿರೋದು. ಪ್ಲ್ಯಾನ್ ಡಾಕ್ಟರ್‌ದು. ಅದನ್ನ ಬದಲಾಯಿಸೋಕೆ ನೀನ್ಯಾರು, ನಾನ್ಯಾರು? ದ್ರಾವಣ ಬೆಚ್ಚಗಾಗಿದೆ, ಡಿಶ್ ರೆಡಿ ಇದೆ. ಹನ್ನೊಂದೂವರೆಗೆ ತೆಗಿ.”

ಅವರ ಮಾತಿನಲ್ಲಿ ನ್ಯಾಯವಿತ್ತು. ವೈದ್ಯರು ಕೊಟ್ಟ ಸಮಯಕ್ಕೆ ಭ್ರೂಣ ಸಿದ್ಧವಾಗಿರುವುದು ನಮ್ಮ ಹೊಣೆ. ಸಮಯ ಸರಿಯೇ ತಪ್ಪೇ ಎನ್ನುವುದು ನಮ್ಮ ಮೇಜಿನ ಪ್ರಶ್ನೆಯಲ್ಲ. ಹೊರತೆಗೆದ ಭ್ರೂಣವನ್ನು ಇಡಲು ಹಿಂದಿನ ಸಂಜೆ ಹಾಕಿಟ್ಟ ಡಿಶ್ ಇನ್‌ಕ್ಯುಬೇಟರಿನಲ್ಲಿ ರಾತ್ರಿಯಿಡೀ ಹದಗೊಂಡಿತ್ತು. ಭ್ರೂಣವನ್ನು ಬೆಚ್ಚಗಾಗಿಸುವ ಮೊದಲ ದ್ರಾವಣ ಮೂವತ್ತೇಳು ಡಿಗ್ರಿಗೆ ಬಂದಿತ್ತು. ನಾನು ಟ್ಯಾಂಕಿನ ಮುಂದೆ ನಿಂತು ಎರಡು ಕೆಲಸಗಳನ್ನು ಹೋಲಿಸಿ ನೋಡಿದೆ. ತೆಗೆಯುವುದು ತಡವಾದರೆ ಇವತ್ತಿನ ಸಮಯ ತಪ್ಪುತ್ತದೆ. ಬೇಗ ತೆಗೆದರೆ ಹಿಂದಕ್ಕೆ ಹಾಕುವ ಹಾಗಿಲ್ಲ. ಒಮ್ಮೆ ಬೆಚ್ಚಗಾದ ಭ್ರೂಣವನ್ನು ಮತ್ತೆ ಘನೀಕರಿಸಿದರೆ ಅದಕ್ಕೆ ಪೆಟ್ಟು ಬೀಳುವ ಸಂಭವ ಹೆಚ್ಚು. ಟ್ಯಾಂಕಿನ ಒಳಗಿದ್ದಷ್ಟು ಹೊತ್ತು ಅದಕ್ಕೆ ವಯಸ್ಸಾಗುವುದಿಲ್ಲ. ಅಲ್ಲಿ ಒಂದು ದಿನವೂ ಒಂದು ವರ್ಷವೂ ಒಂದೇ. ಕಾಯುವ ತಾಕತ್ತು ಇದ್ದದ್ದು ಅದಕ್ಕೆ ಮಾತ್ರ.

ಇನ್ನೊಂದು ವಿಷಯವೂ ಇತ್ತು. ಹಾಳೆಯಲ್ಲಿ ‘ಶನಿವಾರ ರಾತ್ರಿ ಎಂಟು’ ಎಂದು ಬರೆದಿದ್ದ ಅಕ್ಷರ ನನ್ನದು. ಅದನ್ನು ಬರೆದದ್ದು ಶನಿವಾರ ಮಧ್ಯಾಹ್ನ, ವೈದ್ಯರ ಚೀಟಿ ನೋಡಿಕೊಂಡು, ಅವಳು ಇನ್ನೂ ಮಾತ್ರೆಯ ಡಬ್ಬಿ ತೆರೆಯುವ ಮೊದಲೇ. ಕ್ಲಿನಿಕ್‌ನಲ್ಲಿ ಎಲ್ಲರೂ ಹಾಗೇ ಬರೆದು, ಕೆಳಗೆ ಇಬ್ಬಿಬ್ಬರು ಸಹಿ ಹಾಕುತ್ತಿದ್ದೆವು. ‘ಮೊದಲ ಮಾತ್ರೆ’ ಎಂಬ ಖಾನೆಯಲ್ಲಿ ನಾವು ತುಂಬುತ್ತಿದ್ದದ್ದು ಆಗಬೇಕಾದ ಸಮಯ. ಆದ ಸಮಯ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಅವಳ ಅತ್ತೆ ಪಂಚಾಂಗ ನೋಡಿ ನಿಮಿಷದ ಲೆಕ್ಕ ಹೇಳಿದ್ದರು. ನನ್ನ ಲೆಕ್ಕ ಸುಳ್ಳಾಗಿತ್ತು.

ಹನ್ನೊಂದೂ ಇಪ್ಪತ್ತೈದಕ್ಕೆ ಸರ್ ಕೈಗವಸು ಹಾಕಿಕೊಂಡು ಸಾಕ್ಷಿಯಾಗಿ ನಿಲ್ಲಲು ಬಂದರು. ಪ್ರತಿ ಭ್ರೂಣ ತೆಗೆಯುವಾಗಲೂ ಹೆಸರು, ನಂಬರು ಓದಲು ಇಬ್ಬರು ಇರಬೇಕು.

“ಸರ್, ನಾನು ತೆಗೆಯಲ್ಲ.”

“ಏನು?”

“ಡಾಕ್ಟರ್ ಮಾತಾಡೋವರೆಗೂ ತೆಗೆಯಲ್ಲ. ಪ್ಲ್ಯಾನ್ ಬದಲಾಯಿಸ್ತಿಲ್ಲ. ಅವರಿಗೆ ಗೊತ್ತಿಲ್ಲದ ವಿಷಯ ಒಂದಿದೆ, ಅದು ಗೊತ್ತಾಗೋವರೆಗೂ ಕಾಯ್ತೀನಿ ಅಷ್ಟೇ.”

ಅವರು ನನ್ನನ್ನು ನೋಡಿದರು. ನಾಲ್ಕು ವರ್ಷದಲ್ಲಿ ನಾನು ಅವರಿಗೆ ಇಲ್ಲ ಎಂದದ್ದು ಅದೇ ಮೊದಲು. ಟ್ಯಾಂಕಿನ ಮುಚ್ಚಳದ ಮೇಲೆ ಕೈ ಊರಿದ್ದೆ.

“ನಾನು ತೆಗೀತೀನಿ ಅಂದ್ರೆ?”

“ನಾನು ಸಾಕ್ಷಿ ಸಹಿ ಹಾಕಲ್ಲ ಸರ್.”

ಅವರು ಒಂದೊಂದಾಗಿ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು. “ಸರಿ. ಡಾಕ್ಟರ್ ಹತ್ರ ನೀನೇ ಮಾತಾಡು” ಎಂದು ತಮ್ಮ ಕುರ್ಚಿಗೆ ಹೋಗಿ ಕೂತರು.

ವೈದ್ಯರು ಫೋನ್ ಮಾಡಿದ್ದು ಹನ್ನೆರಡೂ ಹತ್ತಕ್ಕೆ. ನಾನು ಗಂಟೆಗಳ ಲೆಕ್ಕವನ್ನಷ್ಟೇ ಹೇಳಿದೆ.

“ಶೀಟಲ್ಲಿ ಎಂಟು ಅಂತ ಇದೆಯಲ್ಲ?”

“ಇದೆ ಮೇಡಂ. ಅದನ್ನ ನಾನು ನಿಮ್ಮ ಚೀಟಿ ನೋಡಿ ಬರೆದಿದ್ದು. ಅವರನ್ನ ಕೇಳಿ ಬರೆದಿದ್ದಲ್ಲ.”

“ಗೊತ್ತಿಲ್ಲದ್ದಕ್ಕೆ ಸೈನ್ ಮಾಡಿದ್ರಾ?”

“ಹೌದು ಮೇಡಂ.”

ಆಚೆ ಕಡೆ ಯಾರೋ ಟ್ರೇ ಇಟ್ಟ ಸದ್ದು ಕೇಳಿಸಿತು. ಹಾಳೆಯ ಕೆಳಗೆ ಎರಡನೇ ಸಹಿ ಯಾರದೆಂದು ಅವರು ಕೇಳಲಿಲ್ಲ. ಅದು ಯಾರದೋ ಅವರು ಮೂರು ಅಡಿ ದೂರದಲ್ಲಿ ಕೂತು ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದರು. ನಾನೂ ಹೇಳಲಿಲ್ಲ.

“ಅದರ ಬಗ್ಗೆ ಆಮೇಲೆ ಮಾತಾಡೋಣ,” ಎಂದರು ವೈದ್ಯರು. “ತೆಗೆದುಬಿಟ್ಟಿದೀರಾ?”

“ಇಲ್ಲ.”

ಅವರು ಉಸಿರು ಬಿಟ್ಟದ್ದು ಕೇಳಿಸಿತು. “ಹಾಗಾದ್ರೆ ನಾಳೆ. ಕ್ಯಾನ್ಸಲ್ ಏನೂ ಬೇಡ, ಒಳಪದರ ಚೆನ್ನಾಗಿದೆ. ಮಾತ್ರೆ ಮುಂದುವರಿಸಲಿ. ನಾಳೆ ಹನ್ನೊಂದಕ್ಕೆ ನನಗೆ ಎರಡು ಕೇಸ್ ಮಧ್ಯೆ ಮುಕ್ಕಾಲು ಗಂಟೆ ಸಿಗುತ್ತೆ. ಬೇರೆ ಸಮಯ ಇಲ್ಲ. ಎಷ್ಟು ಗಂಟೆ ಆಗುತ್ತೆ?”

“ನೂರಹದಿನೇಳು.”

“ಸಾಕು.”

ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಹೇಳಿದೆ. ರದ್ದಾಗಿಲ್ಲ, ನಾಳೆ ಹನ್ನೊಂದಕ್ಕೆ. ಅವಳು ತಲೆ ಬಗ್ಗಿಸಿ ಗೌನಿನ ತೋಳಿನಿಂದ ಮುಖ ಒರೆಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ತಾವು ಮಾಡಿಸಿದ್ದೇ ಇದಕ್ಕೆ ಕಾರಣವೆಂದು ಅಷ್ಟರಲ್ಲಿ ಸಿಸ್ಟರ್ ತಿಳಿಸಿದ್ದರು. ಅವರ ಮುಖ ಇಳಿದುಹೋಗಿತ್ತು. ಆದರೂ ಬೆರಳು ಮಡಚಿ ಏನೋ ಎಣಿಸಿ, “ಶುಕ್ರವಾರ ಹತ್ತೂವರಿಯಿಂದ ಹನ್ನೆರಡು ರಾಹುಕಾಲರೀ” ಎಂದರು, ಮೆಲ್ಲಗೆ.

ಬೇರೆ ಸಮಯ ಇಲ್ಲವೆಂದು ನಾನು ಬಾಯಿ ತೆರೆಯುವುದರೊಳಗೆ ಸೊಸೆ ಹೇಳಿದಳು:

“ಅತ್ತಿ, ನಾ ಹನ್ನೊಂದಕ್ಕ ಬರಾಕಿ.”

“ಅಲ್ಲವಾ, ನಾ ಹೇಳೂದು...”

“ನೀವು ನನ್ನ ಸಲುವಾಗಿ ನೋಡಿದ್ರಿ, ನನಗ ಗೊತ್ತೈತಿ. ಇದು ಮಾತ್ರ ಇವರ ತಾಸಿಗೆ ಆಗ್ಲಿ. ನನ್ನ ಮೈ ಐತಿ, ನಾ ಹೇಳಾಕತ್ತೀನಿ.”

ಅತ್ತೆ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು. “ಹಂಗಿದ್ರ ನಾ ಬರಂಗಿಲ್ಲ ತಗಿ. ಮನ್ಯಾಗ ದೀಪದ ಮುಂದ ಕುಂದರ್ತೀನಿ. ಅದಕ್ಕರ ಅಡ್ಡಿಲ್ಲಲ್ಲ?”

“ದೀಪ ಹಚ್ಚೋ ಟೈಮ್ ಒಂದು ಪೇಪರಲ್ಲಿ ಬರ್ಕೊಳ್ಳಿ ಅಜ್ಜಿ,” ಎಂದರು ಸಿಸ್ಟರ್. “ಇಲ್ಲಾಂದ್ರೆ ನಮ್ಮ ಈ ಮೇಡಂ ಬಿಡಲ್ಲ ಕಣ್ರೀ, ಎಣ್ಣೆ ಎಷ್ಟು ಉಳೀತು ಅಂತ ಎಣಿಸ್ತಾರೆ.”

ಅತ್ತೆಗಿಂತ ಮೊದಲು ನಕ್ಕದ್ದು ಸೊಸೆ.

ಅವರು ಹೋದ ಮೇಲೆ ಸಿದ್ಧವಿದ್ದ ಡಿಶ್ಶನ್ನು ಎಸೆದೆ. ಸಂಜೆ ಐದಕ್ಕೆ ಹೊಸದನ್ನು ಹಾಕಿದೆ. ನಾಲ್ಕು ಹನಿ ಪೋಷಕ ದ್ರಾವಣ, ಮೇಲೆ ಎಣ್ಣೆಯ ಪದರ, ಮುಚ್ಚಳದ ಮೇಲೂ ತಳದಲ್ಲೂ ಅವಳ ಹೆಸರು. ಅದನ್ನು ಇನ್‌ಕ್ಯುಬೇಟರಿನಲ್ಲಿಟ್ಟು ತಿರುಗುವಾಗ ಸರ್ ಬ್ಯಾಗ್ ಹಾಕಿಕೊಂಡು ನಿಂತಿದ್ದರು.

“ನಾಳೆ ಎಷ್ಟಕ್ಕೆ ತೆಗೀತೀಯಾ?”

“ಎಂಟೂವರೆಗೆ ಸರ್.”

“ಎಂಟಕ್ಕೆ ಬರ್ತೀನಿ. ಸಾಕ್ಷಿಗೆ ಒಬ್ರು ಬೇಕಲ್ಲ.” ಎರಡು ಹೆಜ್ಜೆ ಹೋಗಿ ನಿಂತರು. “ಆ ಶೀಟಲ್ಲಿ ನನ್ನ ಸಹಿನೂ ಇತ್ತು. ಡಾಕ್ಟರಿಗೆ ಹೇಳಿದೀನಿ.”

ಆಮೇಲೆ ಏನಾಯಿತೆಂದು, ಅಂದರೆ ಎರಡು ವಾರದ ನಂತರದ ರಕ್ತಪರೀಕ್ಷೆಯ ಫಲ ಏನು ಬಂತೆಂದು, ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯ ಸುದ್ದಿ. ಹೇಗೇ ಬಂದಿದ್ದರೂ ಆ ಗುರುವಾರ ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಸರಿಯಾದ ಗಂಟೆಗೆ ಬಿಟ್ಟ ಭ್ರೂಣವೂ ನಿಲ್ಲದಿರಬಹುದು. ನಮ್ಮ ಕೈಯಲ್ಲಿರುವುದು ಗಂಟೆ ಮಾತ್ರ. ಅದನ್ನಾದರೂ ನಾವು ಕೇಳಿ ತಿಳಿದು ಬರೆಯಬೇಕು.

ಶುಕ್ರವಾರ ಏಳೂವರೆಗೆ ಲ್ಯಾಬಿಗೆ ಬಂದೆ. ಎಂಟೂ ಐದಕ್ಕೆ ಅವಳಿಗೆ ಫೋನ್ ಮಾಡಿ, ಬೆಳಗಿನ ಮಾತ್ರೆ ಎಷ್ಟು ಗಂಟೆಗೆ ಇಟ್ಟುಕೊಂಡಿರಿ ಎಂದು ಕೇಳಿದೆ. “ಏಳೂ ಐವತ್ತೆಂಟಕ್ಕರೀ. ಗಡಿಯಾರ ನೋಡ್ಕೋತ ಕುಂತಿದ್ದೆ” ಎಂದಳು. ಐವತ್ತೆಂಟು ಎಂದೇ ಬರೆದುಕೊಂಡೆ. ಸರ್ ಹೆಸರು ಓದಿದರು, ನಾನು ನಂಬರು ಓದಿದೆ. ಎಂಟೂವರೆಗೆ ಭ್ರೂಣವಿದ್ದ ತೆಳು ಸ್ಟ್ರಾವನ್ನು ಟ್ಯಾಂಕಿನ ದ್ರವ ಸಾರಜನಕದಿಂದ ಎತ್ತಿ, ಒಂದು ಉಸಿರಿನೊಳಗೆ ಅದರ ತುದಿಯನ್ನು ಬೆಚ್ಚನೆಯ ದ್ರಾವಣದಲ್ಲಿ ಅದ್ದಿದೆ. ಒಂದು ನಿಮಿಷ. ಎರಡನೇ ದ್ರಾವಣದಲ್ಲಿ ಮೂರು ನಿಮಿಷ. ಮೂರನೆಯದರಲ್ಲಿ ಐದು. ಸೂಕ್ಷ್ಮದರ್ಶಕದಲ್ಲಿ ಅದು ಮುದುಡಿದ ಒಂದು ಚುಕ್ಕೆಯಾಗಿತ್ತು. ಅದು ಹಾಗೇ ಇರುವುದು ಸಹಜವೆಂದು ನನಗೆ ಗೊತ್ತಿದ್ದರೂ ಕಣ್ಣು ತೆಗೆಯಲಾಗಲಿಲ್ಲ. ಒಂಬತ್ತೂವರೆಗೆ ನೋಡಿದಾಗ ಒಂದು ಅಂಚು ಹಿಗ್ಗತೊಡಗಿತ್ತು. ಹತ್ತೂ ನಲವತ್ತಕ್ಕೆ ದುಂಡಗಾಗಿ ತುಂಬಿಕೊಂಡಿತ್ತು.

ಹನ್ನೊಂದೂ ನಾಲ್ಕಕ್ಕೆ ಲ್ಯಾಬಿನ ಕಿಟಕಿಯಿಂದ ಅವಳ ಪೂರ್ತಿ ಹೆಸರು ಕೇಳಿದೆ. ಆಚೆ ಮಲಗಿದ್ದ ಅವಳು ತನ್ನ ಹೆಸರು, ಗಂಡನ ಹೆಸರು ಎರಡನ್ನೂ ಸ್ಪಷ್ಟವಾಗಿ ಹೇಳಿದಳು. ಭ್ರೂಣವನ್ನು ಕ್ಯಾಥೆಟರ್ ಎಂಬ ತೆಳು ಕೊಳವೆಯೊಳಗೆ ಎಳೆದುಕೊಂಡು ವೈದ್ಯರ ಕೈಗೆ ಕೊಟ್ಟೆ. ಎರಡು ನಿಮಿಷದಲ್ಲಿ ಕ್ಯಾಥೆಟರ್ ವಾಪಸು ಬಂತು. ಒಳಗಿನ ದ್ರಾವಣವನ್ನು ಡಿಶ್ಶಿಗೆ ತಳ್ಳಿ, ಭ್ರೂಣ ಅಂಟಿಕೊಂಡು ಹಿಂದೆ ಬಂದಿದೆಯೇ ಎಂದು ಸೂಕ್ಷ್ಮದರ್ಶಕದ ಕೆಳಗೆ ಮೂಲೆ ಮೂಲೆ ಹುಡುಕಿದೆ. ಇನ್ನೊಮ್ಮೆ ಹುಡುಕಿದೆ. ಎಲ್ಲೂ ಇರಲಿಲ್ಲ. ಆಮೇಲೆ ಕಿಟಕಿಯ ಬಳಿ ಹೋಗಿ, ಅವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ, “ಒಳಗೆ ಹೋಗಿದೆ ಮೇಡಂ” ಎಂದೆ.